ಹಡಗಿನ ಪಟ್ಟಿಯಲ್ಲಿ ಗಂಗುಳಮ್ಮ

ಅಣ್ಣ ನಮ್ಮ ವಂಶಾವಳಿಯನ್ನು ಅಚ್ಚು ಹಾಕಿಸುತ್ತಿದ್ದ. ಮುತ್ತಜ್ಜನ ಮೊದಲ ಹೆಂಡತಿ ಗಂಗುಳಮ್ಮನ ಹೆಸರಿನ ಮುಂದೆ ‘ಬಾವಿಗೆ ಬಿದ್ದು ಮರಣ’ ಎಂದು ಬರೆದಿದ್ದ. ನಾನು ಹಳೆಯ ಹಡಗೊಂದರ ಪ್ರಯಾಣಿಕರ ಪಟ್ಟಿಯ ನಕಲನ್ನು ಅವನ ಮುಂದಿಟ್ಟೆ. ಮದ್ರಾಸಿನಿಂದ ಆಫ್ರಿಕಾದ ಕಬ್ಬಿನ ತೋಟಗಳಿಗೆ ಕೂಲಿಯಾಳುಗಳನ್ನು ಒಯ್ದ ಹಡಗು ಅದು.

“ಬಾವಿಗೆ ಬೀಳಲಿಲ್ಲ ಅಣ್ಣ, ಹಡಗು ಹತ್ತಿದಳು.”

“ಗಂಗುಳಮ್ಮ ಅನ್ನೋರು ಆಗ ಬೀದಿಗೊಬ್ರು ಇದ್ರು ಕಣೇ.”

“ಊರು ನಮ್ಮದೇ. ಅಪ್ಪನ ಹೆಸರೂ ಅದೇ. ವಯಸ್ಸು ಇಪ್ಪತ್ತೆರಡು. ಗುರುತು, ಬೆನ್ನ ಮೇಲೆ ಸುಟ್ಟ ಬರೆಗಳು.”

ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಅತ್ತಿಗೆ ನನ್ನ ಆರಿದ ಕಾಫಿಯನ್ನು ಸದ್ದಿಲ್ಲದೆ ಒಳಗೊಯ್ದು, ಬಿಸಿ ಲೋಟ ತಂದಿಟ್ಟು, ನನ್ನ ಪಕ್ಕದಲ್ಲೇ ಕೂತರು.

“ಸರಿ, ಅವಳೇ ಅಂತ ಇಟ್ಕೋ. ಗಂಡನ್ನ ಬಿಟ್ಟು ಓಡಿಹೋದೋಳು ಅಂತ ಅಚ್ಚು ಹಾಕಿಸ್ಲಾ? ಮುತ್ತಜ್ಜ ಆಮೇಲೂ ಮೂವತ್ತು ವರ್ಷ ಪಟೇಲಿಕೆ ಮಾಡಿದೋರು. ಅವರ ಮರ್ಯಾದೆ ಏನಾಗ್ಬೇಕು?”

“ಗಂಗುಳಮ್ಮ ತಾನೇ ಏನು ಹೇಳಿ ಬರೆಸಿದಾಳೋ ಅದನ್ನೇ ಹಾಕ್ಸಿ,” ಎಂದರು ಅತ್ತಿಗೆ. ನಲವತ್ತಾರು ವರ್ಷಗಳಲ್ಲಿ ಅವರು ಅಣ್ಣನಿಗೆ ಎದುರಾಡಿದ್ದನ್ನು ನಾನು ಕೇಳಿರಲಿಲ್ಲ. “ಓದಮ್ಮ ನೀನು. ಹೆಸರು ಬರ್ಕೊಂಡ ಗುಮಾಸ್ತ ಗಂಡನ ವಿಷಯ ಕೇಳದೆ ಬಿಟ್ಟಿರ್ತಾನಾ?”

“ಬೇಡ,” ಎಂದ ಅಣ್ಣ.

ನಾನು ಗಟ್ಟಿಯಾಗಿಯೇ ಓದಿದೆ. “ಗಂಡ ಸತ್ತು ಎರಡು ವರ್ಷ.”