ಮೊಯ್ದು ಸಾಹೇಬರ ಹನ್ನೊಂದು ಪುಸ್ತಕ

"ಪೆಟ್ಟಿಗಿ ಒಯ್ಯಿರಿ. ಈ ಹನ್ನೊಂದು ಪುಸ್ತಕ ಮಾತ್ರ ಕೊಡೂದಿಲ್ಲ," ಎಂದು ನೂರಜಹಾನಬಿ ತೀರಿಹೋದ ಗಂಡನ ಪುಸ್ತಕಗಳ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು.

ಧಾರವಾಡದ ದಾಖಲೆ ಸಂಗ್ರಹಾಲಯದಿಂದ ಬಂದಿದ್ದ ವಾಣಿಶ್ರೀ ಕೈಯಲ್ಲಿದ್ದ ಪಟ್ಟಿ ಕೆಳಗಿಟ್ಟಳು. ಮೊಯ್ದು ಸಾಹೇಬರ ಹಡಗಿನ ಗುರುತಿನ ಪುಸ್ತಕ, ಏಡನ್ ಬಂದರಿನ ಫೋಟೊ, ಬಂಕಾಪುರದ ಹೋಟೆಲಿನ ಪರವಾನಗಿ ಎಲ್ಲ ಸಿಕ್ಕಿದ್ದವು. ಹಡಗಿನಲ್ಲಿ ಅಡುಗೆಯವರಾಗಿದ್ದ ಕೇರಳದ ಸಾಹೇಬರು ಕಡಲೇ ಇಲ್ಲದ ಊರಲ್ಲಿ ಮೀನಿನ ಸಾರಿಗೆ ಹೆಸರಾದದ್ದು ಸಣ್ಣ ಮಾತಲ್ಲ.

"ಅದರಾಗ ಏನೈತ್ರಿ, ಅಮ್ಮಾರ?"

"ನನ್ನ ಸವತಿ ಅದಾಳ."

ವಾಣಿಶ್ರೀಗೆ ನಗು ಬಂತು. ಮುದುಕಿಯ ಮುಖ ನೋಡಿ ನುಂಗಿಕೊಂಡಳು. ದಿನಾ ಸಂಜೆ ಗಿರಾಕಿಗಳು ಕಡಿಮೆಯಾದಾಗ ಸಾಹೇಬರು ಗಲ್ಲಾದ ಹಿಂದೆ ಕೂತು ಮಲಯಾಳಂನಲ್ಲಿ ನಾಲ್ಕು ಸಾಲು ಬರೆಯುತ್ತಿದ್ದರಂತೆ. ಏನು ಅಂತ ಕೇಳಿದರೆ, "ಹಡಗಿನ ಕಪ್ತಾನ ದಿನಾ ಗಾಳಿ, ಮಳೆ ಬರೆದಿಡುತ್ತಿದ್ದ. ಇಲ್ಲಿ ನಾನೇ ಕಪ್ತಾನ," ಅನ್ನುತ್ತಿದ್ದರಂತೆ. ಆದರೆ ಬರೆಯುತ್ತ ಒಬ್ಬರೇ ನಗುತ್ತಿದ್ದರು. ಗಾಳಿ, ಮಳೆ ಬರೆದು ಯಾರಾದರೂ ನಗುತ್ತಾರೆಯೇ? ಕೇರಳದ ಊರಲ್ಲೊಬ್ಬಳು ಇದ್ದಾಳೆಂದು ನೂರಜಹಾನಬಿ ಮೂವತ್ತೆಂಟು ವರ್ಷ ಒಳಗೊಳಗೇ ಕೊರಗಿದ್ದಳು. ಅವಳಾರೆಂದು ಬಾಯಿ ಬಿಟ್ಟು ಕೇಳಿರಲಿಲ್ಲ.

"ಸತ್ತವರ ಮಾನ ಯಾಕ ಕಳೀಲಿ? ನಿಮ್ಮಲ್ಲಿ ಇಟ್ರ ಮಂದಿ ಓದ್ತಾರ."

"ನಾನೂ ಮಲಯಾಳಂ ಓದ್ತೇನ್ರಿ. ಕಾಸರಗೋಡಿನ್ಯಾಗ ನಾಕ್ ವರ್ಷ ಇದ್ದೆ. ಒಂದ ಪುಟ ನೋಡ್ಲಿ? ನೀವು ಬ್ಯಾಡಂದ್ರ ಯಾರ ಮುಂದೂ ಹೇಳಂಗಿಲ್ಲ."

ನೂರಜಹಾನಬಿ ಗಂಟು ಬಿಚ್ಚಿ ಒಂದು ಪುಸ್ತಕ ಕೊಟ್ಟು ಮುಖ ಆಚೆ ತಿರುಗಿಸಿದಳು.

ವಾಣಿಶ್ರೀ ಕನ್ನಡ ಮಾಡುತ್ತ ಓದಿದಳು. "ಗಾಳಿ ಪಡುವಣದ್ದು. ಬಂಕಾಪುರದಲ್ಲೇ ಲಂಗರು. ನೂರಜಹಾನ ಬೆಳಗಿನಿಂದ ಮಾತಾಡಿಲ್ಲ, ತುಫಾನಿನ ಲಕ್ಷಣ." ಪುಟ ತಿರುವಿದಳು. "ಮಳೆ ಇಲ್ಲ. ಬಂಕಾಪುರದಲ್ಲೇ ಲಂಗರು. ನೂರಜಹಾನ ಇವತ್ತು ನಕ್ಕಳು. ಕಾರಣ ಕೇಳಿ ಕೆಡಿಸಲಿಲ್ಲ." ಮತ್ತೊಂದು. "ಸೆಕೆ. ಬಂಕಾಪುರದಲ್ಲೇ ಲಂಗರು. ನೂರಜಹಾನ ಸಾರಿಗೆ ಉಪ್ಪು ಹೆಚ್ಚು ಹಾಕಿದಳು. ಗಿರಾಕಿಗಳಿಗೆ ನನ್ನದೇ ತಪ್ಪೆಂದೆ."

"ಸುಳ್ಳ! ಉಪ್ಪು ಅವರ ಹಾಕಿದ್ರು!" ನೂರಜಹಾನಬಿ ಗರ್ರನೆ ತಿರುಗಿದಳು. ಕಣ್ಣು ತುಂಬಿದ್ದವು. "ನನ್ನ ಹೆಸರು ಎಲ್ಲೈತಿ? ತೋರಸ್ರಿ."

ವಾಣಿಶ್ರೀ ಬೆರಳಿಟ್ಟು ತೋರಿಸಿದಳು. ಮುದುಕಿ ಪುಸ್ತಕವನ್ನು ಕಣ್ಣ ಹತ್ತಿರ ಹಿಡಿದು ಆ ಗುಂಡನೆಯ ಅಕ್ಷರಗಳನ್ನು ನೋಡಿದಳು. ಪುಟ ತಿರುವಿ ತಾನೇ ಹುಡುಕಿದಳು, ಸಿಕ್ಕಿತು. ಮುಂದಿನ ಪುಟದಲ್ಲೂ ಸಿಕ್ಕಿತು. ಆಮೇಲೆ ಬಿಡಲೇ ಇಲ್ಲ, ಒಂದು ಮುಗಿಸಿ ಇನ್ನೊಂದು ಪುಸ್ತಕ ಎತ್ತಿಕೊಂಡಳು. ಧಾರವಾಡದ ಬಸ್ಸಿಗೆ ಹೊತ್ತಾಗಿತ್ತು. ವಾಣಿಶ್ರೀ ಏಳಲಿಲ್ಲ.

ಹನ್ನೊಂದನೆಯ ಪುಸ್ತಕದಲ್ಲಿ ಬರಹ ನಿಂತ ಪುಟ ಬಂತು. ಸಾಹೇಬರ ಕೈ ನಡುಗಿ ಸಾಲುಗಳು ಸೊಟ್ಟಗಾಗಿದ್ದವು. ನೂರಜಹಾನಬಿಯ ಬೆರಳು ನಿಧಾನಕ್ಕೆ ಸರಿದು, ಒಂದು ಕಡೆ ನಿಂತಿತು.

"ಇಲ್ಲೂ ನಾನ ಅದೇನಿ," ಎಂದಳು.