ಮೂಲೆಯ ತಟ್ಟೆ

“ಅಮ್ಮಾ, ಈ ತಟ್ಟೆ ಎಲ್ಲಿಡ್ಲಿ?” ಡಿಶ್‌ವಾಷರ್ ಫಿಟ್ ಮಾಡಲು ಬಂದಿದ್ದ ಮುರುಗಮಲ್ಲದ ಬಾಬಾಜಾನ್, ಸಿಂಕ್ ಪಕ್ಕದ ಸ್ಲ್ಯಾಬಿನ ಕೆಳಗಿಂದ ಒಂದು ಸ್ಟೀಲ್ ತಟ್ಟೆ ಎಳೆದು ಕೇಳಿದ. ಸೊಸೆ ಪವಿತ್ರ ತಲೆ ತಗ್ಗಿಸಿದಳು. ತಿಂಗಳ ಆ ಮೂರು ದಿನ ಅವಳು ಹಿತ್ತಿಲ ಬಾಗಿಲಲ್ಲಿ ಕೂತು ಉಣ್ಣುವ ತಟ್ಟೆ ಅದು. ಬೇರೆ ಪಾತ್ರೆಗೆ ತಾಕಬಾರದೆಂದೇ ಅದಕ್ಕೆ ಆ ಮೂಲೆ. ಮಿಷನ್ ಇಡಲು ಅಡುಗೆಮನೆಯಲ್ಲಿ ಇದ್ದದ್ದೂ ಆ ಮೂಲೆಯೊಂದೇ.

ಬಾಬಾಜಾನ್ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದ. “ಹೆಸರು ಹಾಕ್ಸಿದೀರ. ಪಂಕಜ ಅಂದ್ರೆ ಯಾರಮ್ಮ?”

“ನಾನೇ ಕಣಪ್ಪ,” ಎಂದರು ಅತ್ತೆ. “ಈ ಮನೆಗೆ ಬಂದಾಗ ನಮ್ಮತ್ತೆ ನಂಗೇಂತ ಬೇರೆ ತೆಗೆದಿಟ್ಟಿದ್ದು. ಮಿಕ್ಕ ಪಾತ್ರೆ ಮೇಲೆಲ್ಲಾ ಯಜಮಾನ್ರ ಹೆಸರು. ನನ್ನ ಹೆಸರಿರೋದು ಇದೊಂದ್ರ ಮೇಲೇ.” ಹೇಳುತ್ತಲೇ ಅವನ ಕೈಯಿಂದ ತಟ್ಟೆ ತೆಗೆದುಕೊಂಡರು.

ಪೈಪು ಜೋಡಿಸಿದ ಬಾಬಾಜಾನ್, ಓಡಿಸಿ ತೋರಿಸಲು ಎಂಜಲು ಪಾತ್ರೆ ಕೇಳಿದ. ಪವಿತ್ರ ಮಾವನ ತಿಂಡಿ ತಟ್ಟೆ ತಂದು ಒಳಗಿಟ್ಟಳು. ಪಂಕಜಮ್ಮ ತಮ್ಮ ಹೆಸರಿನ ತಟ್ಟೆಯನ್ನು ಅದಕ್ಕೇ ಒರಗಿಸಿ ನಿಲ್ಲಿಸಿದರು.

“ಅತ್ತೆ, ಮಾವನ ತಟ್ಟೆಗೆ ತಾಕ್ತದೆ.”

“ತಾಕ್ಲಿ ಬಿಡಮ್ಮ,” ಎಂದು ಪಂಕಜಮ್ಮ ಮಿಷನ್ ಬಾಗಿಲು ಮುಚ್ಚಿದರು.