ಈ ಕೋರ್ಸೇ ಯಾಕ?

ರೋಗಿಗಳ ಸ್ಕ್ಯಾನ್ ಮಾಡುವ ವಿದ್ಯೆಯಾದ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿ ಕಲಿಸುವ ಕಾಲೇಜುಗಳು ಊರಿನಲ್ಲಿ ಎರಡಿದ್ದವು. ಮಗಳಿಗೆ ಮನಸ್ಸಿದ್ದದ್ದು ಗೆಳತಿಯರು ಸೇರಿದ್ದ ಹೊಸ ಕಾಲೇಜಿನ ಮೇಲೆ. ಅವ್ವ ಮಾತ್ರ ಹಳೆಯ ಆಸ್ಪತ್ರೆಯಲ್ಲಿದ್ದ ಇನ್ನೊಂದು ಕಾಲೇಜೇ ಆಗಬೇಕೆಂದು ಹಟ ಹಿಡಿದಳು. "ಅಲ್ಲಿ ಮಂದಿ ಛಲೋ ಅದಾರ" ಎಂದಳೇ ಹೊರತು, ತನಗೆ ಹೇಗೆ ಗೊತ್ತೆಂದು ಹೇಳಲಿಲ್ಲ.

ಸಂದರ್ಶನದಲ್ಲಿ ಹಿರಿಯ ಟೆಕ್ನಾಲಜಿಸ್ಟ್ ಕೇಳಿದರು, "ಈ ಕೋರ್ಸೇ ಯಾಕ?"

ಡಾಕ್ಟರ್ ಓದಲು ಅಂಕ ಸಾಲಲಿಲ್ಲ ಎಂಬುದೇ ನಿಜ. ಅದನ್ನು ಹೇಳಲು ನಾಚಿಕೆಯಾಗಿ ಅವಳು ಬಾಯಿಗೆ ಬಂದದ್ದನ್ನು ಹೇಳಿದಳು.

"ನಮ್ಮ ಅವ್ವಗ ಕ್ಯಾನ್ಸರ್ ಆಗೇತ್ರಿ, ಸರ್. ಇಲ್ಲೇ ಸ್ಕ್ಯಾನ್ ಮಾಡಿದ್ರು. ಭಾಳ ಹೆದರಿದ್ಲು, ನಿಮ್ಮೋರು ಧೈರ್ಯ ಹೇಳಿದ್ರು. ನಾನೂ ಹಂಗ ಆಗಬೇಕಂತ."

ಅವರು ಅರ್ಜಿಯಲ್ಲಿದ್ದ ತಾಯಿಯ ಹೆಸರನ್ನು ನೋಡಿದರು, ಅವಳ ಮುಖ ನೋಡಿದರು. ಸುಳ್ಳು ಸಿಕ್ಕಿಬಿತ್ತೆಂದು ಅವಳು ತಲೆ ತಗ್ಗಿಸಿದಳು. ಅವರು ಅರ್ಜಿಗೆ ಸಹಿ ಹಾಕಿದರು.

ಹೊರಗೆ ಬೆಂಚಿನ ಮೇಲೆ ಅವ್ವ ರೊಟ್ಟಿ ಗಂಟು ಬಿಚ್ಚಿಟ್ಟುಕೊಂಡು ಕಾಯುತ್ತಿದ್ದಳು.

"ಸೀಟು ಸಿಕ್ತೇನು?"

"ಸಿಕ್ತು."

ಗಟ್ಟಿಮುಟ್ಟಾಗಿರುವ ಅವ್ವನಿಗೆ ಒಂದು ಸೀಟಿಗಾಗಿ ರೋಗ ಅಂಟಿಸಿ ಬಂದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಬಾಗಿಲು ತೆರೆದು ಆ ಟೆಕ್ನಾಲಜಿಸ್ಟ್ ಹೊರಗೆ ಬಂದರು. ಮಗಳು ಥಟ್ಟನೆ ಎದ್ದು ನಿಂತಳು. ಅವರು ಅವಳತ್ತ ನೋಡದೆ ಅವ್ವನ ಎದುರು ಬಂದು ನಿಂತರು.

"ಅಕ್ಕಾರ, ಕಡೀಗೂ ಮಗಳಿಗೆ ಹೇಳಿದ್ರಲ್ಲ, ಛಲೋ ಮಾಡಿದ್ರಿ."